ಹುಲ್ಲಿನೊಳಗಿನ ಹುಲ್ಲು

ಆ ಮನುಷ್ಯರನ್ನು ನೆನೆದರೆ ನನಗೆ ಮೊದಲು ಕಾಣುವುದು ಅವರ ಮುಖವಲ್ಲ, ಬೆನ್ನು. ಹಳೆಯ ಖಾಕಿ ಸ್ವೆಟರು ಹಾಕಿದ ಬೆನ್ನು. ಮೊಣಕಾಲ ಕೆಳಗೆ ನಾಲ್ಕು ಮಡಿಕೆ ಮಾಡಿದ ಗೋಣಿಚೀಲ, ಕಿವಿ ಮುಚ್ಚುವಂತೆ ಸುತ್ತಿದ ಮಫ್ಲರು, ಬಲಗೈಯಲ್ಲಿ ಕಸ ಕೀಳುವ ಕುರ್ಪಿ. ರಾಯಚೂರಿನ ನಮ್ಮ ಬಡಾವಣೆಯಲ್ಲಿ ಅವರ ಮನೆಗೂ ನನ್ನ ಮನೆಗೂ ನಡುವೆ ಇರುವುದು ಎದೆಮಟ್ಟದ ಒಂದು ಗೋಡೆ. ಹೋದ ವರ್ಷದ ಚಳಿಗಾಲವಿಡೀ ನಾನು ಬೆಳಿಗ್ಗೆ ಹಲ್ಲುಜ್ಜುತ್ತ ಆ ಗೋಡೆಯ ಮೇಲಿಂದ ನೋಡಿದ್ದು ಆ ಬೆನ್ನನ್ನೇ. ಈಗ ಮತ್ತೆ ಚಳಿ ಶುರುವಾಗಿದೆ. ಬೆನ್ನಿಲ್ಲ. ಗೋಡೆಯ ಹತ್ತಿರ ಹೋಗಲು ನನಗೆ ಮನಸ್ಸಾಗುವುದಿಲ್ಲ. ಹಿತ್ತಲಿಗೆ ಹೋಗಿ ಬಾಯಿ ಮುಕ್ಕಳಿಸಿ ಬರುತ್ತೇನೆ.

ಹೆಸರು ಬರೆಯುವುದಿಲ್ಲ. ತಮ್ಮ ಹೆಸರು ಕಾಗದದ ಮೇಲೆ ಬಂತೆಂದರೆ ಒಂದೋ ಪ್ರಮೋಷನ್ನು, ಇಲ್ಲವೇ ಮೆಮೋ ಎಂದು ನಂಬಿದ್ದವರು ಅವರು. ಓಣಿಯವರೆಲ್ಲ ರಾಯರು ಎನ್ನುತ್ತಿದ್ದರು, ನನಗೂ ಅವರು ರಾಯರೇ. ಮಾನ್ವಿಯ ವೈಷ್ಣವರ ಮನೆತನ. ಅಪ್ಪ ಗುಡಿಯ ಅರ್ಚಕರು, ಈಗ ತಮ್ಮ ಅರ್ಚಕ. ಇವರೊಬ್ಬರು ಮಾತ್ರ ಡಿಪ್ಲೊಮಾ ಓದಿ ಶಕ್ತಿನಗರದ ವಿದ್ಯುತ್ ಕೇಂದ್ರ ಸೇರಿ, ಮೂವತ್ತು ಚಿಲ್ಲರೆ ವರ್ಷ ಬಾಯ್ಲರಿನ ಮುಂದೆ ಬೆವರು ಸುರಿಸಿ, ನಿವೃತ್ತರಾಗಿ ನಮ್ಮ ಪಕ್ಕ ಮನೆ ಕಟ್ಟಿಸಿಕೊಂಡು ಬಂದಿದ್ದರು. ಮಕ್ಕಳಿರಲಿಲ್ಲ. ನಾನೋ ದೇವದುರ್ಗ ತಾಲೂಕಿನವನು, ಗೂಗಲ್ ಹತ್ತಿರದ ಹಳ್ಳಿಯ ಕುರಿಗಾರರ ಮನೆಯವನು. ನಮ್ಮ ಮನೆಯಲ್ಲಿ ಕೋಲು ಬಿಟ್ಟು ಸೀಮೆಸುಣ್ಣ ಹಿಡಿದವನು ನಾನೇ ಮೊದಲು. ಅವರು ನನ್ನನ್ನು ಮಾಸ್ತರ ಎನ್ನುತ್ತಿದ್ದರು. ವಯಸ್ಸಿನಲ್ಲಿ ಅವರಿಗಿಂತ ಇಪ್ಪತ್ತು ವರ್ಷ ಚಿಕ್ಕವನಾದ ನನಗೆ ಒಂದು ದಿನವೂ ಏಕವಚನ ಬಳಸಲಿಲ್ಲ.

ಅವರ ಕಿವಿ ಬಹಳ ಚುರುಕು. ಒಂದು ಸಂಜೆ ಗೋಡೆಯಾಚೆಯಿಂದ, "ಮಾಸ್ತರ, ನಿಮ್ಮ ಬೋರಿನ ಮೋಟರಿನ ಬೇರಿಂಗ್ ಹೋಗ್ಲಿಕತ್ತದ ನೋಡ್ರಿ" ಎಂದರು. ನಾನು ನಕ್ಕುಬಿಟ್ಟೆ. ಮೂರನೇ ದಿನ ಮೋಟರು ಜಾಮಾಗಿ, ಮನೆಮಂದಿಯೆಲ್ಲ ಅವರ ನಲ್ಲಿಯ ಮುಂದೆ ಕೊಡ ಹಿಡಿದು ನಿಂತೆವು. ಆಗಲೂ "ನಾ ಹೇಳಿದ್ದೆ" ಎನ್ನಲಿಲ್ಲ. ಹೇಳಿದ್ದನ್ನು ಇನ್ನೊಮ್ಮೆ ಹೇಳುವ ಚಟ ಅವರಿಗಿರಲಿಲ್ಲ. ಆ ಚಟವೆಲ್ಲ ಅಮ್ಮಾರಿಗೆ ಸೇರಿದ್ದು. ಅಮ್ಮಾರು ಎಂದರೆ ಅವರ ಹೆಂಡತಿ. ಬೆಳಿಗ್ಗೆ ದೇವರನಾಮದಿಂದ ಶುರುವಾದ ಅವರ ಬಾಯಿ ಮಧ್ಯಾಹ್ನ ಊಟವಾದ ಮೇಲೆ ಒಂದು ಗಂಟೆ ವಿಶ್ರಾಂತಿ ಪಡೆದು, ಮತ್ತೆ ದೀಪ ಹಚ್ಚುವ ಹೊತ್ತಿಗೆ ಡ್ಯೂಟಿಗೆ ಹಾಜರಾಗುತ್ತಿತ್ತು.

ಹೋದ ವರ್ಷ ಮಳೆಗಾಲದ ಮೊದಲಲ್ಲಿ ಅಮ್ಮಾರಿಗೆ ಲಕ್ವಾ ಹೊಡೆಯಿತು. ಎಡಗೈ, ಎಡಗಾಲು ಬಿದ್ದುಹೋದವು. ಮಾತು ಉಳಿಯಿತು. ಆಸ್ಪತ್ರೆಯಿಂದ ಬಂದ ಮೇಲೆ ಕೈಕಾಲು ಆಡಿಸುವ ವ್ಯಾಯಾಮ ಹೇಳಿಕೊಡಲು ಫಿಸಿಯೋಥೆರಪಿಯ ಯುವ ಡಾಕ್ಟರೊಬ್ಬರು ವಾರಕ್ಕೆ ಮೂರು ಸಲ ಮನೆಗೆ ಬರುತ್ತಿದ್ದರು. ಅವರು ಮೊದಲ ದಿನವೇ ರಾಯರಿಗೆ ಹೇಳಿದ್ದು ಇಷ್ಟು: "ಸರ್, ಮೊದಲಿನ ಆರೇಳು ತಿಂಗಳಿನ್ಯಾಗ ಎಷ್ಟು ಬರ್ತದೋ ಅಷ್ಟೇ. ದಿನಾ ನಡೆಸ್ರಿ. ಬರಿಗಾಲಿಲೆ ಮೆತ್ತನ ಹುಲ್ಲಿನ ಮ್ಯಾಲ ನಡೆಸಿದ್ರ ಭಾಳ ಛಲೋ. ಬಿದ್ರೂ ಪೆಟ್ಟಾಗಂಗಿಲ್ಲ."

ರಾಯರ ಅಂಗಳ ಆಗ ಸಿಮೆಂಟಿನದು. ವಾರದೊಳಗೆ ಅದನ್ನು ಒಡೆಸಿದರು. ಕೆಂಪು ಮಣ್ಣು ತರಿಸಿ, ನರ್ಸರಿಯಿಂದ ಮೆಕ್ಸಿಕನ್ ಹುಲ್ಲಿನ ಹಾಸು ತಂದು ಚಾಪೆಯ ಹಾಗೆ ಹಾಸಿದರು. ಮಟ್ಟ ನೋಡಲು ಕೊಳವೆಯಲ್ಲಿ ನೀರು ತುಂಬಿ ನಾಲ್ಕೂ ಮೂಲೆಗೆ ಹಿಡಿದರು. ಮೂವತ್ತಡಿ ಉದ್ದ, ಇಪ್ಪತ್ತಡಿ ಅಗಲದ ಲಾನಿಗೆ ಅಷ್ಟು ಮುತುವರ್ಜಿ ಯಾಕೆಂದು ಓಣಿಯವರು ನಕ್ಕರು. ದಸರೆಯ ಹೊತ್ತಿಗೆ ಅಮ್ಮಾರು ಅವರ ತೋಳು ಹಿಡಿದು ಆ ಹುಲ್ಲಿನ ಮೇಲೆ ಈ ತುದಿಯಿಂದ ಆ ತುದಿಗೆ ಹೋದಾಗ ನಗುವವರು ಸುಮ್ಮನಾದರು. ಅವತ್ತು ರಾಯರು ಗೋಡೆಯ ಹತ್ತಿರ ಬಂದು ನನಗೆ ಹಬ್ಬದ ಬನ್ನಿ ಎಲೆ ಕೊಟ್ಟರು. "ಮಾಸ್ತರ, ಆಕಿ ಉಗಾದಿಗಿ ಗುಡಿಗಿ ನಡಕೋತ ಬರ್ತಾಳ ನೋಡ್ರಿ" ಎಂದರು.

ಇಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಬಿಡಲಿಲ್ಲ, ನಾನು.

ದೀಪಾವಳಿ ಮುಗಿದು ಚಳಿ ಕಾಲಿಟ್ಟಾಗ ಹುಲ್ಲು ಬಣ್ಣಗೆಟ್ಟಿತು. ಆ ಹುಲ್ಲಿನ ಜಾತಿಯೇ ಹಾಗೆ, ಚಳಿಗೆ ಬೆಳೆಯುವುದನ್ನು ನಿಲ್ಲಿಸಿ ಮಲಗಿಬಿಡುತ್ತದೆ, ಬಿಸಿಲು ಏರಿದರೆ ತಾನೇ ಏಳುತ್ತದೆ. ರಾಯರಿಗೆ ಅಲ್ಲಲ್ಲಿ ಹಳದಿ ತೇಪೆ ಕಂಡದ್ದೇ ಎದೆ ಒಡೆದುಹೋಯಿತು. ಚಹಾ ಕುಡಿಯುತ್ತ ನನ್ನೆದುರು ತೋಡಿಕೊಂಡರು. ನಾನು ದೊಡ್ಡ ತಿಳಿದವನ ಹಾಗೆ ಕಾಲ ಮೇಲೆ ಕಾಲು ಹಾಕಿದೆ.

"ರಾಯರ, ನಮ್ಮ ಕಡಿ ಹೊಲ ಸೊರಗಿದ್ರ ಚೀಲದ ಗೊಬ್ಬರ ಯಾರು ತರ್ತಾರ್ರೀ? ಕುರಿ ತರುಬ್ತಾರ. ಒಂದು ರಾತ್ರಿ ಕುರಿ ಮಲಗಿ ಎದ್ರ ಸಾಕು, ಎರಡು ವರ್ಷ ನೆಲ ಕೇಳಂಗಿಲ್ಲ."

ಕುರಿ ತರುಬುವುದೆಂದರೆ ಹಿಂಡನ್ನು ರಾತ್ರಿ ಹೊಲದಲ್ಲಿ ಒತ್ತೊತ್ತಾಗಿ ಕೂಡಿಹಾಕುವುದು. ಹಿಕ್ಕೆ, ಉಚ್ಚೆ ಎರಡೂ ನೆಲಕ್ಕೆ ಇಳಿಯುತ್ತವೆ. ಕುರಿಯವರಿಗೆ ಹೊಲದವರು ಊಟ ಹಾಕುತ್ತಾರೆ. ರಾಯರು ಇದನ್ನು ಕೇಳಿ ಚಹಾದ ಕಪ್ಪು ಕೆಳಗಿಟ್ಟರು. ಲಾನಿನಲ್ಲಿ ಕುರಿ ತರುಬಿದವರು ಭೂಮಿಯ ಮೇಲೆ ಯಾರೂ ಇರಲಿಕ್ಕಿಲ್ಲ. ನನಗೂ ಆಗ ಅದು ತಮಾಷೆಯಾಗೇ ಕಂಡಿತು, ಮೇಲಾಗಿ ನನ್ನ ಕುಲದ ವಿದ್ಯೆಯನ್ನು ಒಬ್ಬ ಇಂಜಿನಿಯರು ಇಷ್ಟು ಗೌರವದಿಂದ ಕೇಳುತ್ತಿದ್ದಾರಲ್ಲ ಎಂಬ ಹೆಮ್ಮೆ. ನನ್ನ ಕಾಕಾ ಆಗ ಮಾನ್ವಿ ತಾಲೂಕಿನ ಕಲ್ಲೂರು ಕಡೆ ಕಾಲುವೆ ದಂಡೆಯಲ್ಲಿ ಹಿಂಡು ಮೇಯಿಸುತ್ತಿದ್ದ. ಫೋನು ಮಾಡಿದೆ. ಮೂವತ್ತು ಕುರಿ ಹೊಡೆದುಕೊಂಡು ಬಂದು ರಾತ್ರಿ ಲಾನಿನಲ್ಲಿ ತರುಬಿದ.

ಬೆಳಿಗ್ಗೆ ಕಾಕಾ ರಾಯರ ಕಟ್ಟೆಯ ಮೇಲೆ ಕುಳಿತು ಊಟ ಮಾಡಿದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಅಡಿಗೆ ಮಾಡಿಕೊಡಲು ಬರುತ್ತಿದ್ದ ಹೆಂಗಸು ಬಡಿಸಿದ ಸಾರನ್ನು ಎರಡು ತುತ್ತು ಉಂಡು ನನ್ನ ಕಿವಿಯಲ್ಲಿ, "ಉಳ್ಳಾಗಡ್ಡಿ ಹಾಕೋದು ಮರ್ತಾರೇನಲೇ" ಎಂದ. ಅಮ್ಮಾರು ಕುರ್ಚಿಯಲ್ಲಿ ಕುಳಿತೇ ಕುರಿಮರಿಯೊಂದನ್ನು ಬಲಗೈಯಿಂದ ತಡವುತ್ತಿದ್ದರು. ಹಿಂಡು ಹೊರಡುವ ಹೊತ್ತಿಗೆ ಕಾಕಾ ಲಾನಿನ ನಡುವೆ ನಿಂತು ಕೇಳಿದ:

"ತಮ್ಮಾ, ಇಲ್ಲಿ ಕುಂಟಿ ಯಾವತ್ತು ಹೊಡೀತಾರ?"

"ಕಾಕಾ, ಇದು ಲಾನು. ಇಲ್ಲಿ ಎತ್ತು ಕಟ್ಟಿ ಕುಂಟಿ ಹೊಡಿಯಾಕ ಬರ್ತದೇನು?"

ಕಾಕಾ ಗದ್ದ ಕೆರೆದುಕೊಂಡ. "ಹಂಗಾರ ನೋಡು ಮತ್ತ" ಎಂದು ಹಿಂಡಿನ ಹಿಂದೆ ಹೋದ. ನಾನು ಆ ಮಾತಿನ ಬೆನ್ನು ಹತ್ತಲಿಲ್ಲ. ಕಾಲುವೆ ದಂಡೆಯ ಹುಲ್ಲೆಲ್ಲ ಆ ಹೊತ್ತಿಗೆ ಬೀಜಕ್ಕೆ ಬಂದಿರುತ್ತದೆ. ಕುರಿ ಅದನ್ನು ಮೇಯುತ್ತದೆ, ಬೀಜ ಹಿಕ್ಕೆಯಲ್ಲಿ ಹಾಗೇ ಹೊರಗೆ ಬರುತ್ತದೆ. ಹೊಲದಲ್ಲಾದರೆ ಮೊಳೆತ ಕಸವನ್ನು ಕುಂಟೆಯ ಅಲಗು ಬುಡಸಹಿತ ಸವರಿ ಒಣಗಿಸಿಬಿಡುತ್ತದೆ, ಅದಕ್ಕೇ ಕುರಿ ತರುಬುವ ಪದ್ಧತಿ ಹೊಲಕ್ಕೆ ಹೊಂದಿದೆ. ಕುಂಟೆ ಹೊಡೆಯಲಾಗದ ನೆಲದಲ್ಲಿ ಕುರಿ ತರುಬುವುದೆಂದರೆ ಕಸವನ್ನು ಕೈಯಾರೆ ಬಿತ್ತಿದ ಹಾಗೆ. ನಮ್ಮ ಮನೆಯ ಎಂಟು ವರ್ಷದ ಕೂಸಿಗೂ ಗೊತ್ತಿರುವ ಸಂಗತಿ. ಬಿ.ಎಡ್. ಮಾಡಿದ ನನಗೆ ಹೊಳೆಯಲಿಲ್ಲ.

ಇಪ್ಪತ್ತು ದಿನಕ್ಕೆ ರಾಯರು ಗೋಡೆಯಾಚೆಯಿಂದ ಕೂಗಿ ಕರೆದರು. ಹಳದಿ ತೇಪೆಯೆಲ್ಲ ಹಸಿರಾಗಿತ್ತು. "ನಿಮ್ಮ ಕಾಕಾಗ ಒಂದು ಶಾಲು ಹೊದಸಬೇಕ್ರಿ ಮಾಸ್ತರ" ಎಂದು ಮುಖವೆಲ್ಲ ನಗುವಾಗಿ ನಿಂತಿದ್ದರು. ನಾನು ಬಗ್ಗಿ ನೋಡಿದೆ. ಚಪ್ಪಟೆ ದಂಟು, ಬುಡದಲ್ಲಿ ಬಿಳುಪು, ರಾಗಿ ಸಸಿಯದೇ ಚಹರೆ. ಕಾಡುರಾಗಿ. ಅದರ ನಡುನಡುವೆ ಜೇಕು. ಎರಡೂ ಕಳೆಗಳೇ. ಆಗಲೇ ಹೇಳಿಬಿಡಬೇಕಿತ್ತು. ಅವರ ನಗು ನೋಡಿ ನಾಲಿಗೆ ಏಳಲಿಲ್ಲ. "ಛಲೋ ಆಗ್ಯದ್ರಿ" ಎಂದು ಬಂದುಬಿಟ್ಟೆ. ನಾಳೆ ಹೇಳಿದರಾಯಿತು ಎಂದು ಒಂದು ವಾರ ತಳ್ಳಿದೆ. ಆ ಒಂದು ವಾರದಲ್ಲಿ ಕಾಡುರಾಗಿ ಬುಡ ಕಟ್ಟಿತು. ಈ ಬರಹದಲ್ಲಿ ನಾನು ಬೇರೆ ಏನನ್ನು ಚಂದ ಮಾಡಿ ಹೇಳಿದರೂ ಈ ವಾರವನ್ನು ಮಾತ್ರ ಚಂದ ಮಾಡಲಾರೆ.

ಕಾಡುರಾಗಿಯ ಗುಣವೆಂದರೆ ಅದು ಹಾಸುವುದಿಲ್ಲ, ಗಂಟುಗಂಟಾಗಿ ಕೂರುತ್ತದೆ. ಮೆತ್ತನೆಯ ಹುಲ್ಲಿನ ನಡುವೆ ಅಂಗೈಯಗಲದ ಗಟ್ಟಿ ಗುಪ್ಪೆಗಳು. ನಮ್ಮಂಥವರ ಕಾಲಿಗೆ ಅದು ಲೆಕ್ಕಕ್ಕಿಲ್ಲ. ಕಾಲನ್ನು ಎತ್ತಲಾಗದೆ ಎಳೆದು ಇಡುವವರಿಗೆ ಅದೇ ಒಡ್ಡು. ಡಿಸೆಂಬರಿನ ಒಂದು ಬೆಳಿಗ್ಗೆ ಅಮ್ಮಾರ ಎಡಗಾಲಿನ ಬೆರಳು ಅಂಥ ಒಂದು ಗುಪ್ಪೆಗೆ ಸಿಕ್ಕಿತು. ರಾಯರು ಹಿಡಿದೇ ಇದ್ದರು, ಆದರೂ ಇಬ್ಬರೂ ಕೂಡಿ ಬಿದ್ದರು. ನಾನು ಗೋಡೆ ಹಾರಿ ಹೋದೆ. ಮೂಳೆ ಮುರಿದಿರಲಿಲ್ಲ. ಅಮ್ಮಾರ ಧೈರ್ಯ ಮುರಿದಿತ್ತು. ಎತ್ತಿ ಕುರ್ಚಿಗೆ ಕೂರಿಸಿದ ಮೇಲೆ ಬಹಳ ಹೊತ್ತು ಬಾಯಿ ಬಿಡಲಿಲ್ಲ. ಆ ಮನೆಯಲ್ಲಿ ಅಷ್ಟು ಹೊತ್ತು ಮೌನ ನಾನು ಕೇಳಿದ್ದು ಅದೇ ಮೊದಲು.

"ಹುಲ್ಲು ಸರಿ ಆಗೂ ತನಕ ನಾ ಇಳಿಯೂದಿಲ್ಲ" ಎಂದರು ಕೊನೆಗೆ.

"ಸಂಕ್ರಾಂತಿಗಿ ಸರಿ ಮಾಡಿ ಕೊಡ್ತೀನಿ" ಎಂದರು ರಾಯರು.

ಅವತ್ತು ಸಂಜೆ ಕುರಿ, ಬೀಜ, ನಾನು ಬಾಯಿ ಮುಚ್ಚಿಕೊಂಡ ವಾರ, ಎಲ್ಲ ಹೇಳಿದೆ. ಬೈಯಲಿ ಎಂದು ಕಾದೆ. ಅವರು ಕನ್ನಡಕ ತೆಗೆದು ಒರೆಸಿದರು. "ಕುರಿ ಬ್ಯಾಡ ಅನ್ಲಿಕ್ಕೆ ನನಗೂ ಬಾಯಿ ಇತ್ತಲ್ರಿ ಮಾಸ್ತರ" ಎಂದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಡಾಕ್ಟರು ಕೊಟ್ಟ ತಿಂಗಳುಗಳಲ್ಲಿ ಉಳಿದದ್ದು ಒಂದು, ಹೆಚ್ಚೆಂದರೆ ಒಂದೂವರೆ. ಅಮ್ಮಾರ ಕಾಲು ನೆಲಕ್ಕೆ ತಾಗದೆ ಕಳೆದ ಒಂದೊಂದು ದಿನವೂ ಆ ತಿಂಗಳಿನಿಂದ ಕಡಿತ. ರಾಯರು ಯುದ್ಧಕ್ಕೆ ಇಳಿದರು. ಮೊದಲು ಗಂಜಿಗೆ, ಅಂದರೆ ಮಾರುಕಟ್ಟೆಗೆ, ಹೋಗಿ ಔಷಧಿಯ ಅಂಗಡಿಯಲ್ಲಿ ವಿಚಾರಿಸಿದರು. ಹೊಲಕ್ಕೆ ಹೊಡೆಯುವ ಔಷಧಿಗೆಲ್ಲ ನಮ್ಮಲ್ಲಿ ಎಣ್ಣಿ ಎನ್ನುತ್ತಾರೆ. ಅಂಗಡಿಯವನು, "ಸಾಹೇಬ್ರ, ಎಲಿ ಅಗಲ ಇರೋ ಕಸ ಆಗಿದ್ರ ಎಣ್ಣಿ ಕೊಡ್ತಿದ್ದೆ. ಇದು ಹುಲ್ಲಿನ್ಯಾಗಿನ ಹುಲ್ಲು. ಇದನ್ನ ಸಾಯಿಸೋದು ನಿಮ್ಮ ಹುಲ್ಲನ್ನೂ ಸಾಯಿಸ್ತದ. ಅದರ ಮ್ಯಾಲ, ಎಣ್ಣಿ ಹೊಡದ ಜಾಗಾದಾಗ ಬರಿಗಾಲು ಇಡಬ್ಯಾಡ್ರಿ" ಎಂದ. ಬರಿಗಾಲು ಎಂಬ ಮಾತು ಕೇಳಿ ಕೈಚೀಲ ಮಡಿಸಿಕೊಂಡು ವಾಪಸು ಬಂದರು.

ಆಮೇಲೆ ಕುದಿಯುವ ನೀರು. ಆವಿಯ ಜೊತೆ ಜೀವಮಾನ ಕಳೆದ ಮನುಷ್ಯ, ಚಹಾದ ಕೆಟಲಿನಿಂದ ಒಂದೊಂದು ಗುಪ್ಪೆಯ ನೆತ್ತಿಗೂ ಕಾದ ನೀರು ಹೊಯ್ದರು. ಗುಪ್ಪೆ ಸತ್ತಿತು. ಸುತ್ತಲಿನ ಹುಲ್ಲೂ ಸತ್ತು, ಲಾನಿನ ತುಂಬ ಕಾದ ಪಾತ್ರೆ ಇಟ್ಟು ಎತ್ತಿದ ಹಾಗೆ ದುಂಡು ಕಲೆಗಳಾದವು. ಅದೂ ನಿಂತಿತು. ಕಸ ಕೀಳಲು ಇಬ್ಬರು ಕೂಲಿ ಹೆಣ್ಣುಮಕ್ಕಳನ್ನು ಕರೆಸಿದೆ. ಶೇಂಗಾ ಹೊಲದಲ್ಲಿ ಕೈ ಪಳಗಿದವರು, ಸರಸರ ಕಿತ್ತರು. ದಂಟು ಅವರ ಕೈಗೆ, ಬುಡ ನೆಲದಲ್ಲಿ. ಜೇಕಿನ ಗಡ್ಡೆಗಳಂತೂ ಒಂದು ಕಿತ್ತರೆ ನಾಲ್ಕು. ರಾಯರು ಅವರಿಗೆ ಚಹಾ ಕುಡಿಸಿ ಕಳಿಸಿ, ತಾವೇ ಗೋಣಿಚೀಲ ಹಾಸಿಕೊಂಡರು. ಲಾನಿಗೆ ಉದ್ದಗಲ ಸುತಳಿ ಕಟ್ಟಿ ಚೌಕಗಳನ್ನು ಮಾಡಿದರು. ದಿನಕ್ಕೆ ಎರಡು ಚೌಕ. ಒಂದು ಚೌಕ ಪೂರ್ತಿ ಆಗದೆ ಮುಂದಿನದಕ್ಕೆ ಕೈ ಹಾಕುತ್ತಿರಲಿಲ್ಲ.

ಅವರು ಕಣ್ಣಿನಿಂದ ಕಳೆ ಹುಡುಕುತ್ತಿರಲಿಲ್ಲ. ಬೆಳಗಿನ ಇಬ್ಬನಿಯಲ್ಲಿ ಎಲ್ಲ ಹುಲ್ಲೂ ಒಂದೇ ಬಣ್ಣ. ದಂಟಿನ ಬುಡವನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಹೊರಳಿಸುತ್ತಿದ್ದರು. "ಮಾಸ್ತರ, ಕಣ್ಣು ಮೋಸ ಹೋಗತದ, ಬೆರಳು ಹೋಗಂಗಿಲ್ಲ. ಹೊರಳಿಸಿದ್ರ ಉರುಳಿತಂದ್ರ ಅದು ನಮ್ದು. ಚಪ್ಪಟಿ ಹತ್ತಿತಂದ್ರ ಕಾಡುರಾಗಿ. ಮೂರು ಮೂಲಿ ಹತ್ತಿದ್ರ ಜೇಕು." ಕಣ್ಣು ಮುಚ್ಚಿಕೊಂಡು ಹೊರಳಿಸುವಾಗ ಅವರ ಮುಖ ಜಪಕ್ಕೆ ಕುಳಿತವರ ಹಾಗಿರುತ್ತಿತ್ತು. ಆಮೇಲೆ ಕುರ್ಪಿಯನ್ನು ಓರೆಯಾಗಿ ಇಳಿಸಿ, ಬೇರನ್ನು ಮಣ್ಣು ಸಮೇತ ಎತ್ತಿ, ಮಣ್ಣು ಉದುರಿಸಿ, ಬುಟ್ಟಿಗೆ ಹಾಕಿ, ಗುಂಡಿಯನ್ನು ಬೆರಳಿನಿಂದ ಮುಚ್ಚಿ ತಟ್ಟುತ್ತಿದ್ದರು. ನೀರು ಕಡಿಮೆ ಬಿಡಿ ಎಂದು ನಾನು ಹೇಳಿದ ಮೇಲೆ ದಿನಾ ಬಿಡುವುದನ್ನೂ ನಿಲ್ಲಿಸಿದರು. ಮಲಗಿದ ಹುಲ್ಲಿಗೆ ಅಷ್ಟು ನೀರು ಬೇಡ, ಕುಡಿಯುವುದೆಲ್ಲ ಎಚ್ಚರಿರುವ ಕಳೆಯೇ.

ಅದು ಧನುರ್ಮಾಸ. ಸೂರ್ಯ ಹುಟ್ಟುವ ಮುಂಚೆ ಪೂಜೆ, ಹುಗ್ಗಿಯ ನೈವೇದ್ಯ. ಆ ಮನೆಯಲ್ಲಿ ತಪ್ಪದ ನೇಮ ಅದು. ರಾಯರು ಮಡಿಯುಡುವ ಹೊತ್ತಿಗೆ ಗೋಣಿಚೀಲದ ಮೇಲೆ ಇರುತ್ತಿದ್ದರು. ಪಡಸಾಲೆಯ ಕುರ್ಚಿಯಿಂದ ಅಮ್ಮಾರು ಕೂಗುತ್ತಿದ್ದರು:

"ದೇವರು ಹುಗ್ಗಿ ಇಲ್ದ ಕೂತಾನ್ರಿ."

"ಕೂಡಲಿ. ಅವನ ಕಾಲು ಗಟ್ಟಿ ಅವ" ಎನ್ನುತ್ತಿದ್ದರು ಇವರು, ತಲೆ ಎತ್ತದೆ.

ಮಾನ್ವಿಯಿಂದ ಅವರ ತಮ್ಮ ಫೋನು ಮಾಡಿ ಬೈದರಂತೆ, ಪೂಜೆಯ ಹೊತ್ತು ಮೀರಿಸುವುದು ಸರಿಯಲ್ಲ ಅಂತ. ಆಗ ರಾಯರು ಫೋನಿನಲ್ಲಿ ಕಿರುಚಿದ್ದು ನನಗೆ ಗೋಡೆಯಾಚೆ ಕೇಳಿಸಿತು. "ನಿನಗ ಗೊತ್ತಿಲ್ಲ. ನನ್ನ ಕಡಿ ದಿನ ಇಲ್ಲ, ದಿನ ಇಲ್ಲ" ಎಂದು ಎರಡೆರಡು ಸಲ ಅಂದರು. ಅವರು ದನಿ ಎತ್ತಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು.

ಸಂಕ್ರಾಂತಿಗೆ ಎಂಟು ದಿನವಿತ್ತು. ಡಾಕ್ಟರು ಅಮ್ಮಾರನ್ನು ಪರೀಕ್ಷೆ ಮಾಡಿ, ಹೊಸದಾಗಿ ತೆಗೆಸಿದ ಸ್ಕ್ಯಾನನ್ನು ನೋಡಿ, ರಾಯರನ್ನು ಗೇಟಿನ ತನಕ ಕರೆತಂದರು. ನಾನು ಹಾಲು ತಂದು ಅಲ್ಲೇ ಬರುತ್ತಿದ್ದೆ. ನನ್ನನ್ನು ನೋಡಿಯೂ ಅವರು ಮಾತು ನಿಲ್ಲಿಸಲಿಲ್ಲ.

"ಸರ್, ನಡುವ ಇನ್ನೊಮ್ಮಿ ಸಣ್ಣಾಗಿ ಲಕ್ವಾ ಆಗಿಹೋಗ್ಯದ. ಕಾಲಿಗಿ ಬಂದಿದ್ದ ಬಲ ವಾಪಸ್ ಹೋಗ್ಯದ. ಇನ್ನ ನಡಿಯೋದು ಆಗಲಿಕ್ಕಿಲ್ಲ. ಒಂದು ಗಾಲಿ ಕುರ್ಚಿ ತಗೊಳ್ರಿ."

ರಾಯರು ಗೇಟಿನ ಚಿಲಕ ಹಿಡಿದುಕೊಂಡು, "ಈ ಒಂದು ತಿಂಗಳು ಹುಲ್ಲು ಕೆಡದೇ ಇದ್ದಿದ್ರ? ದಿನಾ ನಡಿಸಿದ್ರ?" ಎಂದರು.

ಡಾಕ್ಟರು ನೆಲ ನೋಡಿದರು. "ಹೇಳ್ಲಿಕ್ಕೆ ಬರಂಗಿಲ್ಲ ಸರ್."

"ಆಕಿ ಮುಂದ ಹೇಳಬ್ಯಾಡ್ರಿ" ಎಂದು ಡಾಕ್ಟರ ಕೈ ಹಿಡಿದುಕೊಂಡರು ರಾಯರು. ಡಾಕ್ಟರು ಗಾಡಿ ಹತ್ತಿ ಹೋದ ಮೇಲೆ ನಾನು ಇವರ ಜೊತೆ ಒಳಗೆ ಹೋದೆ. ನೇರ ಲಾನಿಗೆ ನಡೆದು, ಗೋಣಿಚೀಲ ಹಾಸಿ, ಅರ್ಧಕ್ಕೆ ಬಿಟ್ಟಿದ್ದ ಚೌಕದ ಮುಂದೆ ಕುಳಿತರು. ಕುರ್ಪಿ ಮಣ್ಣಿಗೆ ಇಳಿಯಿತು. ನಾನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಪಿಸುಗುಟ್ಟಿದೆ.

"ಸಾಕು ಮಾಡ್ರಿ ರಾಯರ. ಇನ್ನ ಯಾತಕ್ಕ ಇದು?"

"ನಿಲ್ಲಿಸಿದ್ರ ಆಕಿಗಿ ಗೊತ್ತಾಗತದ" ಎಂದರು.

ಮರುದಿನದಿಂದ ಶಾಲೆಗೆ ಹೋಗುವ ಮುಂಚೆ ಒಂದು ತಾಸು ನಾನೂ ಗೋಡೆ ಹಾರಿ ಅವರ ಪಕ್ಕ ಕೂರತೊಡಗಿದೆ. ಸುತಳಿ ಸರಿಸುವುದು, ಬುಟ್ಟಿ ಚೆಲ್ಲುವುದು ನನ್ನ ಕೆಲಸ, ಹುಡುಕಿ ಕೀಳುವುದು ಅವರದೇ. ಅವರಿಗೆ ಆಗಲೇ ಕೆಮ್ಮು ಹಿಡಿದಿತ್ತು. ಒದ್ದೆ ಗೋಣಿಯ ಮೇಲೆ ಎರಡೆರಡು ತಾಸು ಕೂತರೆ ಇನ್ನೇನಾಗುತ್ತದೆ. ಅಮ್ಮಾರು ಪಡಸಾಲೆಯಿಂದ ದಿನಾ ಕೇಳುತ್ತಿದ್ದರು, "ಆಯ್ತೇನ್ರಿ?" "ಇನ್ನ ಸ್ವಲ್ಪ ಉಳಿದದ" ಎಂದು ಇವರು. ಸಂಕ್ರಾಂತಿ ಬಂತು, ಹೋಯಿತು. ಎಳ್ಳು ಬೀರಲು ನನ್ನ ಹೆಂಡತಿಯೊಂದಿಗೆ ಹೋದಾಗಲೂ ಅದೇ ಉತ್ತರ ಕೇಳಿದೆ.

ಅದಾಗಿ ಮೂರ್ನಾಲ್ಕು ದಿನಕ್ಕೆ, ತುಂಬಿದ ಬುಟ್ಟಿಯನ್ನು ಹೊರಗೆ ಚೆಲ್ಲಲು ಎತ್ತಿಕೊಂಡವನು ಸುಮ್ಮನೆ ಒಂದು ದಂಟನ್ನು ಬೆರಳಲ್ಲಿ ಹೊರಳಿಸಿದೆ. ಉರುಳಿತು. ಇನ್ನೊಂದು ತೆಗೆದೆ. ಅದೂ ಉರುಳಿತು. ಬುಟ್ಟಿಯನ್ನು ಕೆಳಗಿಟ್ಟು ಕೈಯಾಡಿಸಿದೆ. ಚಪ್ಪಟೆಯದು ಒಂದೂ ಇಲ್ಲ, ಮೂರು ಮೂಲೆಯದು ಒಂದೂ ಇಲ್ಲ. ತಿರುಗಿ ಲಾನು ನೋಡಿದೆ. ಸುತಳಿಯ ಚೌಕಗಳಲ್ಲಿ ಕಳೆ ಎಂಬುದು ಹುಡುಕಿದರೂ ಸಿಗದ ಹಾಗೆ ತೆಗೆದಾಗಿತ್ತು. ಯಾವಾಗಲೋ ಮುಗಿದುಹೋಗಿತ್ತು. ಮುಗಿಯಿತು ಎಂದರೆ ಅಮ್ಮಾರು ಕಾಲಿಡಬೇಕಾಗುತ್ತದೆ. ಅದಕ್ಕೆ ರಾಯರು ಈಗ ತಾವೇ ಹಾಸಿದ ಹುಲ್ಲನ್ನು ಒಂದೊಂದೇ ದಂಟು ಹುಡುಕಿ, ಬೇರು ಸಮೇತ, ಅಷ್ಟೇ ಜೋಪಾನವಾಗಿ ಕೀಳುತ್ತಿದ್ದರು. ಮೂಲೆಯ ಮೂರು ಚೌಕ ಬರೀ ಕೆಂಪು ಮಣ್ಣಾಗಿತ್ತು. ನಾನು ನೋಡಿದ್ದನ್ನು ಅವರು ನೋಡಿದರು. ಮತ್ತೆ ಕುರ್ಪಿ ಇಳಿಸಿದರು. ನಾನು ಬುಟ್ಟಿ ಎತ್ತಿಕೊಂಡು ಹೋಗಿ ರಸ್ತೆಯ ಪಕ್ಕ ಚೆಲ್ಲಿದೆ. ಅಲ್ಲೇ ನಿಂತು ಅತ್ತೆ. ಹಾದಿಯಲ್ಲಿ ಹೋಗುವವರು ನೋಡಿದರು, ನೋಡಲಿ ಎಂದು ಬಿಟ್ಟೆ.

ಜ್ವರ ಬಂದು ಮಲಗಿದ ದಿನವೂ ಎದ್ದು ಒಂದು ಸಾಲು ಮುಗಿಸಿ ಬಂದಿದ್ದರು. ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಗಿತ್ತು. ಆಸ್ಪತ್ರೆಗೆ ನಾನೇ ಕರೆದೊಯ್ದೆ. ಆಟೋದಲ್ಲಿ ಕೂರಿಸುವಾಗ ಅಮ್ಮಾರ ಕಡೆ ತಿರುಗಿ, "ಬಂದು ಮಾಡ್ತೀನಿ, ಭಾಳ ಏನಿಲ್ಲ" ಎಂದರು. ನಾಲ್ಕನೆಯ ದಿನ ಹೋಗಿಬಿಟ್ಟರು. ಆಸ್ಪತ್ರೆಯ ಹಾಸಿಗೆಯ ಮೇಲೆ ಅವರ ಹೆಬ್ಬೆರಳು ತೋರುಬೆರಳು ಹೊದಿಕೆಯ ಅಂಚನ್ನು ಹಿಡಿದು ಹೊರಳಿಸುತ್ತಲೇ ಇದ್ದವು. ನರ್ಸು ಅದನ್ನು ಎರಡು ಸಲ ಬಿಡಿಸಿದಳು.

ರಾಯರ ತಮ್ಮ ಬಂದು ಅಮ್ಮಾರನ್ನು ಮಾನ್ವಿಗೆ ಕರೆದೊಯ್ದರು. ಹೋದ ಭಾನುವಾರ ನಾನು ಅಲ್ಲಿಗೆ ಹೋಗಿದ್ದೆ. ಇಷ್ಟು ದಿನ ಯಾಕೆ ಹೋಗಿರಲಿಲ್ಲ ಎಂದರೆ ಮುಖವಿರಲಿಲ್ಲ, ಅಷ್ಟೇ. ಗುಡಿಯ ಹಿಂದಿನ ಮನೆ, ಕಲ್ಲು ಚಪ್ಪಡಿಯ ಅಂಗಳ, ಹುಲ್ಲಿನ ಒಂದು ಎಸಳೂ ಇಲ್ಲ. ಅಮ್ಮಾರು ಗಾಲಿ ಕುರ್ಚಿಯಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದರು. ನನ್ನ ಹೆಂಡತಿ ಮಕ್ಕಳ ಕ್ಷೇಮ, ಓಣಿಯ ಸುದ್ದಿ, ನಮ್ಮ ಬೋರಿನ ನೀರು, ಎಲ್ಲ ಕೇಳಿದರು. ಚಹಾ ಬಂತು. ಚಹಾ ಕುಡಿದ ಮೇಲೆ ನಾನು ಏಳಬೇಕೆನ್ನುವಾಗ ಅವರು ಸಹಜವಾಗಿ, ಅಡಿಗೆಯ ಮಾತು ಹೇಳಿದ ಹಾಗೆ ಹೇಳಿದರು:

"ಆ ಡಾಕ್ಟರು ಗೇಟಿನ ಹತ್ರ ಹೇಳಿದ್ದು ನನಗ ಕೇಳಿಸಿತ್ರಿ. ನನ್ನ ಕಾಲು ಹೋಗ್ಯದ, ಕಿವಿ ಹೋಗಿಲ್ಲ."

ಏಳಬೇಕೆಂದವನು ಮತ್ತೆ ಕುಳಿತೆ. "ಮತ್ತ ರಾಯರ ಮುಂದ ಯಾಕ ಹೇಳಲಿಲ್ರಿ ಅಮ್ಮಾರ?"

"ಹೆಂಗ ಹೇಳ್ಲಿ? ನನಗ ಗೊತ್ತಾಗಬಾರದು ಅಂತ ಅವರು ಕೀಳ್ಲಿಕತ್ತಿದ್ರು. ನನಗ ಗೊತ್ತದ ಅಂದ್ರ ಅವರ ಕಡಿ ಏನು ಉಳೀತಿತ್ತು? ದಿನಾ ಮುಂಜಾನೆ 'ಆಯ್ತೇನ್ರಿ' ಅಂತ ಕೇಳ್ತಿದ್ದೆ. ಕೇಳಿದಾಗೊಮ್ಮೆ ಅವರಿಗಿ ಹುರುಪು ಬರ್ತಿತ್ತು. ಛಲೋ ಹುಲ್ಲು ಕೀಳ್ಲಿಕತ್ತಾರ ಅನ್ನೋದೂ ನನಗ ಪಡಸಾಲಿಯಿಂದ ಕಾಣ್ತಿತ್ತು." ಸೆರಗಿನಿಂದ ಬಾಯಿ ಒರೆಸಿಕೊಂಡರು. ಆಮೇಲೆ ಬಲಗೈಯಿಂದ ನನ್ನ ಮುಂಗೈ ಹಿಡಿದರು. ಹಿಡಿತ ಬಿಗಿಯಾಗಿತ್ತು.

"ಅವತ್ತೇ ನಾ ಬಾಯಿ ಬಿಟ್ಟಿದ್ರ ಅವರು ಒಳಗ ಬರ್ತಿದ್ರು. ಬೆಚ್ಚಗ ಮಲಗ್ತಿದ್ರು. ಇವತ್ತು ಇರ್ತಿದ್ರೇನ್ರಿ ಮಾಸ್ತರ?"

ನನ್ನ ಕುರಿ, ನನ್ನ ವಾರ, ಯಾವುದರ ಮೇಲೆ ಎಷ್ಟು ಹಾಕಬೇಕೆಂದು ನನಗೆ ಹತ್ತು ತಿಂಗಳಿನಿಂದ ತಿಳಿದಿರಲಿಲ್ಲ, ಈಗ ಇವರ ಮೌನವೂ ಸೇರಿತು. ಆದರೂ ಅವರ ಕೈ ಬಿಡಿಸಿಕೊಳ್ಳದೆ ಹೇಳಿದೆ, "ಇಲ್ರಿ ಅಮ್ಮಾರ. ನೀವು ಹೇಳಿದ್ರೂ ಅಷ್ಟೇ ಆಗ್ತಿತ್ತು. ನಿಮ್ದೇನಿಲ್ಲ."

ಅವರು ತಲೆ ಎತ್ತಿ ನನ್ನ ಮುಖ ನೋಡಿದರು.

"ನೀವೂ ಅವರಂಗ ಸುಳ್ಳು ಹೇಳ್ತೀರಿ" ಎಂದು ಕೈ ಬಿಟ್ಟರು.